ಬೂದ ಉಂಡನೇನವ್ವ

ಕನ್ನಡ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕಂತೆ! ಯಾರು? ನನ್ನ ಅಕ್ಕನ ಮಗಳು ಗಂಗೋತ್ರಿ. ನಾಯಿಗೆ ಬೈದರೂ ಕನ್ನಡದಲ್ಲೇ ಬೈಯುವವಳು. ನಿದ್ದೆಯಲ್ಲಿ ಬಡಬಡಿಸಿದರೂ ಕನ್ನಡದಲ್ಲೇ ಬಡಬಡಿಸುವವಳು. ಅವಳ ಅಪ್ಪ, ಅವನ ಅಪ್ಪ, ನಾವು, ನಮ್ಮ ಕುರಿ, ನಮ್ಮ ದೇವರು, ಎಲ್ಲಕ್ಕೂ ಇದೇ ಭಾಷೆ. ಗಡಿಯ ಗೆರೆ ಎಳೆದವರು ಎಳೆಯುವಾಗ ನಮ್ಮನ್ನು ಕೇಳಲಿಲ್ಲ. ಎಳೆದ ಮೇಲೆ ಮಾತ್ರ, ನೀವು ಆಚೆಯವರು, ಈಚೆ ಬಂದು ಓದಬೇಕಾದರೆ ಮೊದಲು ನಾಲಗೆ ತೋರಿಸಿ ಎನ್ನುತ್ತಾರೆ. ಅದೂ ಎಲ್ಲಿ? ಬೆಂಗಳೂರಿಗೆ ಹೋಗಿ ತೋರಿಸಬೇಕು. ಅದೂ ಒಂದೇ ದಿನ. ಆ ದಿನ ತಪ್ಪಿದರೆ ಮುಂದಿನ ವರ್ಷ. ಇದನ್ನು ನೆನೆದರೆ ನಾನು ಇವತ್ತಿಗೂ ಒಬ್ಬನೇ ಕೂತು ಬೈಯುತ್ತೇನೆ.

ನಾನು ಬೊಮ್ಮಣ್ಣ. ಐದನೆಯ ಕ್ಲಾಸಿನಲ್ಲಿ ಮೇಷ್ಟ್ರ ಹತ್ತಿರ ಜಗಳವಾಡಿ ಶಾಲೆ ಬಿಟ್ಟವನು. ಆಂಧ್ರದ ಗಡಿಯಲ್ಲಿ ರಾಯದುರ್ಗಕ್ಕೂ ಗುಮ್ಮಘಟ್ಟಕ್ಕೂ ನಡುವೆ ಷೇರ್ ಆಟೋ ಓಡಿಸುತ್ತೇನೆ. ನನಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಿಲ್ಲ. ಆಟೋಗೆ ಯಾವ ಭಾಷೆಯಲ್ಲಿ ಕೈ ಅಡ್ಡ ಹಾಕಿದರೂ ನಿಲ್ಲುತ್ತದೆ.

ನನ್ನ ಅಕ್ಕ ಹಂಪಕ್ಕ ಗುಮ್ಮಘಟ್ಟದಿಂದ ಒಳಕ್ಕೆ ಒಂದು ಸಣ್ಣ ಊರಿನಲ್ಲಿದ್ದಳು. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಅಕ್ಕ ದೊಡ್ಡರಂಗಪ್ಪನೆಂಬ ಹಿರಿಯನ ಕುರಿಗಳನ್ನು ಪಾಲಿಗೆ ಸಾಕುತ್ತಿದ್ದಳು. ಸಾಕುವುದು ಇವಳು, ಹುಟ್ಟಿದ ಮರಿಯಲ್ಲಿ ಅರ್ಧ ಅವನದು. ಮನೆ ನಡೆಯುತ್ತಿದ್ದದ್ದು ಆ ಇನ್ನರ್ಧದಲ್ಲಿ. ಇದ್ದವಳು ಒಬ್ಬಳೇ ಮಗಳು, ಗಂಗೋತ್ರಿ. ನಮಗೆಲ್ಲ ಗಂಗಿ.

ಗಂಗಿಗೆ ದನದ ಡಾಕ್ಟರಾಗಬೇಕಿತ್ತು. ಇದು ಯಾರೂ ಹೇಳಿಕೊಟ್ಟ ಆಸೆಯಲ್ಲ, ಬೂದನಿಂದ ಬಂದದ್ದು.

ಬೂದ ಮೊದಲು ದೊಡ್ಡರಂಗಪ್ಪನ ಮಂದೆ ಕಾಯುತ್ತಿದ್ದ ನಾಯಿ. ಬೂದಿಯ ಬಣ್ಣ, ಕರುವಿನಷ್ಟು ಎತ್ತರ. ಒಂದು ಸಲ ತೋಳದ ಹಿಂದೆ ಬಿದ್ದು ಹಿಂಗಾಲು ಮುರಿದುಕೊಂಡು ಬಂತು. ಕುಂಟ ನಾಯಿ ಮಂದೆಗೆ ಭಾರ ಎಂದು ದೊಡ್ಡರಂಗಪ್ಪ ಅದನ್ನು ಓಡಿಸಿಬಿಟ್ಟ. ಆಗ ಒಂಬತ್ತನೆಯ ಕ್ಲಾಸಿನಲ್ಲಿದ್ದ ಗಂಗಿ ಬಿದಿರಿನ ಸೀಳು ಇಟ್ಟು, ತನ್ನ ಹಳೆಯ ಲಂಗ ಹರಿದು ಕಟ್ಟಿ, ಅದನ್ನು ಮನೆಯ ಮುಂದಿನ ಚಪ್ಪರದ ಕೆಳಗೆ ಮಲಗಿಸಿಕೊಂಡಳು. ಕಾಲು ಕೂಡಿತು. ಸ್ವಲ್ಪ ಸೊಟ್ಟಗೆ ಕೂಡಿತು, ಆದರೂ ಕೂಡಿತು. ಅಲ್ಲಿಂದಾಚೆಗೆ ಆ ನಾಯಿ ಅವಳ ಕೈಯಿಂದಲ್ಲದೆ ಬೇರೆ ಯಾರ ಕೈಯಿಂದಲೂ ಒಂದು ತುತ್ತು ಮುಟ್ಟಲಿಲ್ಲ. ಅವಳ ಹೆತ್ತಮ್ಮ ಹಾಕಿದರೂ ಇಲ್ಲ, ನಾನು ಹಾಕಿದರೂ ಇಲ್ಲ. ಅಂಥ ಹಟಮಾರಿ ಪ್ರಾಣಿಯನ್ನು ನಾನು ನೋಡಿಲ್ಲ. ಕನ್ನಡಿಯಲ್ಲಿ ಬಿಟ್ಟರೆ.

ಇನ್ನೊಂದು ಚಿನ್ನಿ. ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಆಟೋದ ಹಿಂದಿನ ಸೀಟಿನ ಕೆಳಗೆ ಹತ್ತಿ ಮಲಗಿದ್ದ ಮರಿ. ಬೂದನಿಗೆ ತದ್ವಿರುದ್ಧ. ಯಾರು ಏನು ಹಾಕಿದರೂ ತಿನ್ನುತ್ತಿತ್ತು, ಹಾಕದಿದ್ದರೂ ತಿನ್ನುತ್ತಿತ್ತು. ಗಂಗಿಯ ಪುಸ್ತಕದಲ್ಲಿ ಜೀರ್ಣಾಂಗದ ಪಾಠವನ್ನೇ ಹರಿದು ನುಂಗಿತ್ತು. ನಾನು ಚಪ್ಪಲಿ ಎತ್ತಿದರೆ ಗಂಗಿ ಅಡ್ಡ ಬಂದಳು.

"ಬಿಡು ಮಾವ, ನನಗ ಬಾಯಿಗೆ ಬರ್ತೈತಿ ಆ ಪಾಠ. ಅದಕ್ಕೂ ಒಳಗ ಹೋಗಲಿ."

ಇಂಟರ್, ಅಂದರೆ ಕರ್ನಾಟಕದವರ ಪಿಯುಸಿ, ಮುಗಿದ ಆ ಬೇಸಿಗೆ ಅವಳು ಓದಿದ ಚೆಂದ ನಾನು ಕಣ್ಣಾರೆ ಕಂಡಿದ್ದೇನೆ. ಬೆಳಗ್ಗೆ ಎದ್ದು ಕುರಿ ರೊಪ್ಪದ ಕಸ ಹೊಡೆದು, ಎರಡು ನಾಯಿಗೂ ಮಜ್ಜಿಗೆಯಲ್ಲಿ ರೊಟ್ಟಿ ಕಿವುಚಿ ಹಾಕಿ, ಚಪ್ಪರದ ಕೆಳಗೆ ಮಂಚ ಎಳೆದುಕೊಂಡು ಕೂರುತ್ತಿದ್ದಳು. ಬಾಯಿ ಬಿಟ್ಟು ಓದದಿದ್ದರೆ ಅವಳಿಗೆ ತಲೆಗೆ ಹತ್ತುವುದಿಲ್ಲ. ಬೂದ ಮುಂಗಾಲ ಮೇಲೆ ಗಲ್ಲ ಇಟ್ಟು ಕೇಳುತ್ತಿತ್ತು. ಪಾಠದಲ್ಲಿ ಎಲುಬು ಬಂದರೆ ಬೂದನ ಕಾಲು ಹಿಡಿದು ಒಂದೊಂದೇ ಎಲುಬು ಒತ್ತಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಹೆಸರು ಹೇಳುವಳು. ಗುಂಡಿಗೆಯ ಪಾಠ ಬಂದರೆ ಚಿನ್ನಿಯ ಎದೆಗೆ ಕಿವಿ ಇಟ್ಟು ಮಲಗುವಳು. ಫೋನಿಗೆ ಸಿಗ್ನಲ್ ಬೇಕಾದರೆ ಊರ ಹೊರಗಿನ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಬೇಕಿತ್ತು. ಅವಳು ಮೇಲೆ ಕೂತು ಪಾಠದ ವಿಡಿಯೋ ನೋಡುತ್ತಿದ್ದರೆ ಕೆಳಗೆ ಎರಡೂ ಕಾವಲು. ನೀರು ಬಿಡುವ ವಾಟರ್‌ಮ್ಯಾನ್ ಕೂಡ ಹತ್ತಿರ ಸುಳಿಯುವ ಹಾಗಿಲ್ಲ. ಆ ಬೇಸಿಗೆ ಊರಿಗೆ ಎಷ್ಟೋ ಸಲ ನೀರು ತಡವಾಗಿ ಬಂತು.

ದೊಡ್ಡರಂಗಪ್ಪ ಕುರಿ ಎಣಿಸುವ ನೆವದಲ್ಲಿ ದಿನಾ ಬಂದು ಚಪ್ಪರದ ಕಂಬಕ್ಕೆ ಒರಗುತ್ತಿದ್ದ.

"ಏನವ್ವ ಗಂಗಿ, ಓದಾಕಿ ನೀನು, ಕೇಳಾಂವ ಬೂದ. ಸೀಟು ನಿನಗ ಬರ್ತೈತೋ ಅವಂಗ ಬರ್ತೈತೋ?"

"ಅವಂಗ ಬಂದ್ರ ಫೀಜು ನೀವೇ ಕಟ್ರಿ ತಾತಾ. ನಿಮ್ಮ ಮಂದ್ಯಾಗಿನ ನಾಯೇ ಅಲ್ಲೇನು?"

"ಕುಂಟನ್ನ ಕೊಟ್ಟೆ, ನೀನು ಅದನ್ನ ಪಂಡಿತನ್ನ ಮಾಡಿದೆ ನೋಡು" ಎಂದು ಹೊಟ್ಟೆ ಕುಣಿಸಿ ನಗುತ್ತಿದ್ದ. ಕೆಟ್ಟ ಮನುಷ್ಯನೇನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಂಧ್ರದ ಸೀಟಿಗೆ ಅವಳ ನಂಬರು ಸಾಲುವುದಿಲ್ಲವೆಂದು ಆಗಲೇ ಗೊತ್ತಾಗಿತ್ತು. ಉಳಿದದ್ದು ಕರ್ನಾಟಕ. ಗಡಿನಾಡಿನ ಕನ್ನಡದವರಿಗೆ ಅಲ್ಲಿ ಅವಕಾಶವಿದೆ, ಪ್ರವೇಶ ಪರೀಕ್ಷೆಯ ಜೊತೆಗೆ ಕನ್ನಡದ ಪರೀಕ್ಷೆಯೊಂದನ್ನು ಬೆಂಗಳೂರಿನಲ್ಲಿ ಕೊಟ್ಟರೆ ಆಯಿತು ಎಂದು ಅವಳಿಗೆ ಹೇಳಿದವಳು ಭವ್ಯಾ. ಮಡಕಶಿರಾ ಕಡೆಯ ಹುಡುಗಿ. ಅನಂತಪುರದ ಕೋಚಿಂಗಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು, ಇಬ್ಬರಿಗೂ ದನದ ಡಾಕ್ಟರ್ ಓದೇ ಬೇಕಿತ್ತು. ಬೆಂಗಳೂರಿನ ಪರೀಕ್ಷೆಗೆ ಕೂಡಿಯೇ ಹೋಗುವುದೆಂದು ಮಾತಾಡಿಕೊಂಡಿದ್ದರು.

ಪ್ರವೇಶ ಪರೀಕ್ಷೆಯನ್ನು ಗಂಗಿ ಬಳ್ಳಾರಿಯಲ್ಲಿ ಬರೆದಳು. ಆ ಸಂಜೆ ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳ ಮುಖ ನೋಡಿಯೇ ನನಗೆ ತಿಳಿಯಿತು. ಬೇರೆ ಜನ ಹತ್ತಿಸಿಕೊಳ್ಳದೆ ಅವಳೊಬ್ಬಳನ್ನೇ ಕೂರಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಹಿಂದಿನಿಂದ ಮಾತಾಡುತ್ತಲೇ ಇದ್ದಳು.

"ಮಾವ, ಎಲುಬಿಂದು ಬಂದಿತ್ತು. ಬೂದನ ಕಾಲು ನೆನಸ್ಕೊಂಡು ಬರದೆ."

"ಹಂಗಾರ ಬೂದಂಗೂ ಅರ್ಧ ಮಾರ್ಕು."

"ಇನ್ನ ಬೆಂಗಳೂರಿಂದೊಂದು ಮುಗದ್ರ ಆತು ಮಾವ. ಅದೇನು, ನಮ್ಮ ಮಾತು ನಾವು ಬರಿಯಾದು."

ಮನೆಯ ಮುಂದೆ ಜನ ಗುಂಪುಗೂಡಿತ್ತು. ನಡುವೆ ದೊಡ್ಡರಂಗಪ್ಪ ಕಾಲು ಚಾಚಿ ಕೂತಿದ್ದ. ಮೀನಖಂಡದಲ್ಲಿ ಹಲ್ಲಿನ ಗುರುತು, ಅದರ ಮೇಲೆ ಯಾರೋ ಮೆತ್ತಿದ ಸುಣ್ಣ, ಖಾರದ ಪುಡಿ. ಗಂಗಿ ಬಳ್ಳಾರಿಗೆ ಹೋಗುವಾಗ ಪುಸ್ತಕಗಳನ್ನು ಮಂಚದ ಮೇಲೆಯೇ ಬಿಟ್ಟಿದ್ದಳು. ಬೂದ ಬೆಳಗ್ಗಿನಿಂದ ಅನ್ನ ನೀರು ಬಿಟ್ಟು ಮಂಚದ ಕೆಳಗೆ ಕಾದಿತ್ತು. ಪರೀಕ್ಷೆ ಏನಾಯಿತೆಂದು ವಿಚಾರಿಸಲು ಬಂದ ಮುದುಕ ಕೂರುವುದಕ್ಕೆಂದು ಪುಸ್ತಕ ಸರಿಸಲು ಕೈ ಹಾಕಿದ್ದಾನೆ. ಒಂದು ಸಲ ಗುರ್ ಎಂದಿತಂತೆ. "ಏ ಕುಂಟ, ನಿನ್ನ ಧಣಿ ನಾನು" ಎಂದು ಮುದುಕ ಕಾಲಿನಿಂದ ಒದ್ದನಂತೆ. ಒದ್ದ ಕಾಲನ್ನೇ ಹಿಡಿದಿದೆ.

ಗಂಗಿ ಚೀಲ ಎಸೆದು ಸೋಪು ತಂದಳು. ಸುಣ್ಣ ಖಾರ ಎಲ್ಲ ಹೋಗುವ ತನಕ ನೀರು ಸುರಿದು ಸುರಿದು ತೊಳೆದಳು. ಮುದುಕ ಊರು ಒಂದು ಮಾಡಿದ.

"ಬಟ್ಟಿ ಒಗದಂಗ ಒಗಿತೀಯಲ್ಲವ್ವಾ! ನಾನೇನು ಕಂಬಳೀನಾ?"

"ಕಂಬಳಿ ಆಗಿದ್ರ ಒಗೀತಿದ್ದಿಲ್ಲ ತಾತಾ, ಸುಮ್ಮನ ಕುಂದರ್ರಿ."

ಅವನನ್ನೂ ಅವನ ಮಗ ರಾಮಾಂಜಿಯನ್ನೂ ಆಟೋದಲ್ಲಿ ಹಾಕಿಕೊಂಡು ನಾನೂ ಗಂಗಿಯೂ ರಾಯದುರ್ಗದ ಆಸ್ಪತ್ರೆಗೆ ಹೋದೆವು. ಸೂಜಿ ಹಾಕಿದರು. ಮತ್ತೆ ಯಾವಾಗ ಬರಬೇಕೆಂದು ಹೇಳಿ ಕಳಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ತಿರುಗಿ ಬರುವಾಗ ಮುದುಕ ಆಟೋದಲ್ಲಿ ಗಡಗಡ ನಡುಗತೊಡಗಿದ. ಚಿಕ್ಕವನಿದ್ದಾಗ ಒಬ್ಬ ಮನುಷ್ಯ ನಾಯಿಹುಚ್ಚು ಹಿಡಿದು ಸತ್ತದ್ದನ್ನು ನೋಡಿದ್ದನಂತೆ. ನೀರು ಕಂಡರೆ ಕಿರುಚುತ್ತಿದ್ದನಂತೆ, ಅವನನ್ನು ಕಂಬಕ್ಕೆ ಕಟ್ಟಿದ್ದರಂತೆ. "ನನ್ನ ಕಟ್ಟಬ್ಯಾಡ್ರಲೇ ರಾಮಾಂಜಿ" ಎಂದು ಮಗನ ಕೈ ಹಿಡಿದು ಅತ್ತ. ಎಪ್ಪತ್ತು ದಾಟಿದ ಮನುಷ್ಯ, ತೋಳಕ್ಕೆ ಹೆದರದವನು.

ಗಂಗಿ ಅವನ ಕಡೆ ಸರಿದು ಕೂತಳು. ಪುಸ್ತಕದಲ್ಲಿ ಓದಿದ್ದನ್ನು ಸಮಾಧಾನಕ್ಕೆಂದು ಹೇಳಿದಳು.

"ತಾತಾ, ಸೂಜಿ ಆಗೈತಿ, ಹೆದರಬ್ಯಾಡ್ರಿ. ಬೂದನ್ನ ಹತ್ತು ದಿನ ಕಟ್ಟಿಹಾಕಿ ನೋಡ್ತೀನಿ. ಅದು ಉಂಡ್ಕೊಂಡು ಚೆಂದಾಗಿ ಇತ್ತಂದ್ರ ನಿಮಗ ಏನೂ ಆಗಲ್ಲ."

ಮಾತು ಸರಿಯಾದದ್ದೇ. ಹುಚ್ಚಿರುವ ನಾಯಿ ಅಷ್ಟು ದಿನದೊಳಗೆ ತಾನೇ ಸಾಯುತ್ತದೆ, ಬದುಕಿದ್ದರೆ ಅದಕ್ಕೆ ಹುಚ್ಚಿಲ್ಲವೆಂದು ತಿಳಿಯುತ್ತದೆ, ಅಷ್ಟೇ. ಆದರೆ ಮುದುಕನ ತಲೆಯೊಳಗೆ ಅದು ಬೇರೆಯಾಗಿ ಇಳಿಯಿತು. ನಾಯಿ ಇದ್ದರೆ ನಾನಿರುತ್ತೇನೆ, ನಾಯಿ ಹೋದರೆ ನಾನು ಹೋಗುತ್ತೇನೆ. ತನ್ನ ಉಸಿರನ್ನೂ ಬೂದನ ಉಸಿರನ್ನೂ ಒಂದೇ ಹಗ್ಗದಲ್ಲಿ ಗಂಟು ಹಾಕಿಕೊಂಡುಬಿಟ್ಟ.

ಮರುದಿನ ಕೋಳಿ ಕೂಗುವ ಮುಂಚೆಯೇ ಕೋಲೂರಿಕೊಂಡು ಬಂದು ಚಪ್ಪರದ ಮುಂದೆ ಕೂತ.

"ಬೂದ ಉಂಡನೇನವ್ವ?"

"ಉಂಡೈತಿ ತಾತಾ."

"ಎಷ್ಟು ಉಂಡ?"

"ಎರಡು ರೊಟ್ಟಿ."

"ದಿನಾ ಮೂರು ಉಣ್ತಿದ್ದನಲ್ಲ?" ಮುದುಕನ ಮುಖ ಬಿಳಿಚಿತು.

ಆಮೇಲೆ ಊರಿಗೇ ಅದೊಂದು ಕೆಲಸವಾಯಿತು. ಬೂದನಿಗೆ ಬಿಸಿಲು ತಾಕಬಾರದೆಂದು ರಾಮಾಂಜಿ ತನ್ನ ಮನೆಯ ಟೇಬಲ್ ಫ್ಯಾನ್ ತಂದಿಟ್ಟ. ಅವನ ಹೆಂಡತಿ ಮಕ್ಕಳು ಬೆವರಿನಲ್ಲಿ ಮಲಗಿದರು, ನಾಯಿ ಗಾಳಿಯಲ್ಲಿ ಮಲಗಿತು. ನೇಮಕಲ್ಲು ಆಂಜನೇಯನ ಸಿಂಧೂರ ತಂದು ಅದರ ಹಣೆಗೆ ಹಚ್ಚಿದರು. ಹೋಗಿ ಬರುವವರೆಲ್ಲ, "ಏನು ತಾತಾ, ನಿನ್ನ ಆಯುಸ್ಸು ಬಾಲ ಅಲ್ಲಾಡಿಸ್ತಾ ಐತಲ್ಲ" ಎಂದು ನಕ್ಕು ಹೋಗುವರು. ಮುದುಕ ನಗುತ್ತಿರಲಿಲ್ಲ. ಹಾಲು ತಂದಿಟ್ಟ, ಮೊಟ್ಟೆ ತಂದಿಟ್ಟ, ಮಾಂಸ ತಂದಿಟ್ಟ. ಬೂದ ಮೂಸಿಯೂ ನೋಡಲಿಲ್ಲ. ಎಲ್ಲ ಚಿನ್ನಿಯ ಪಾಲಾಯಿತು. ಬೂದನಿಗೆ ಗಂಗಿ ಕಿವುಚಿದ ರೊಟ್ಟಿಯೇ ಆಗಬೇಕು.

ಕನ್ನಡ ಪರೀಕ್ಷೆಯ ದಿನ ಆ ಹತ್ತು ದಿನದ ಒಳಗೇ ಬಿದ್ದಿತ್ತು.

ಗಂಗಿ ನಯವಾಗಿಯೇ ಹೇಳಿದಳು. "ತಾತಾ, ನಾಳೆ ಬೆಂಗಳೂರಿಗೆ ಹೋಗ್ತೀನಿ. ಎರಡು ದಿನಕ್ಕ ಬಂದುಬಿಡ್ತೀನಿ."

"ಅಷ್ಟೊತ್ತು ಬೂದ ಏನು ಉಣ್ತಾನ?"

"ಎರಡು ದಿನ ಉಣ್ಣದಿದ್ರ ನಾಯಿ ಸಾಯಲ್ಲ ತಾತಾ."

"ಈ ಬಿಸಿಲಿಗೆ ಸತ್ರ?"

"ಸತ್ರೂ ನಿಮಗೇನೂ ಆಗಲ್ರಿ. ಸೂಜಿ ಆಗೈತಿ. ಸೂಜಿನೇ ನಿಮ್ಮನ್ನ ಕಾಯಾದು, ನಾಯಿ ಅಲ್ಲ."

ಮುದುಕ ಕೋಲನ್ನು ನೆಲಕ್ಕೆ ಕುಟ್ಟಿದ. "ಅವತ್ತು ಆಟೋದಾಗ ಏನಂದಿ? ಬೂದ ಚೆಂದಾಗಿದ್ರ ನಾನು ಚೆಂದಾಗಿರ್ತೀನಿ ಅಂದಿ. ಹೌದೋ ಅಲ್ಲೋ? ಇವತ್ತು ನಿನಗ ಬೆಂಗಳೂರಿಗೆ ಹೋಗಾದೈತಿ, ಮಾತು ಬ್ಯಾರೆ ಆತು. ಯಾವ ಮಾತು ನಂಬ್ಲಿ ನಾನು?"

 ಅವತ್ತಿನ ಮಾತೂ ನಿಜ, ಇವತ್ತಿನ ಮಾತೂ ನಿಜ. ಆದರೆ ನೋಡುವವರಿಗೆ, ತನ್ನ ಕೆಲಸಕ್ಕೆ ಮಾತು ತಿರುವಿದವಳ ಹಾಗೆ ಕಂಡಳು. ಓದದವರ ಮಾತು ಯಾರೂ ಕೇಳುವುದಿಲ್ಲ ಎಂದು ನಾನು ತಿಳಿದಿದ್ದೆ. ಓದಿದವರ ಮಾತನ್ನು ಕೇಳಿದರೆ ಹೀಗೆ ಕೇಳುತ್ತಾರೆ.

ನಾನು ಸುಮ್ಮನಿರುವವನಲ್ಲ. "ದೊಡ್ಡರಂಗಪ್ಪಾ, ನಿನ್ನ ಆಯುಸ್ಸು ನಾಯಿ ಹೊಟ್ಯಾಗ ಐತಂದ್ರ ನೀನು ಇಷ್ಟು ದಿನ ಬದುಕಿದ್ದೇ ಹೆಚ್ಚಾತು. ನಮ್ಮ ಹುಡುಗೀದು ಇನ್ನೂ ಶುರುನೇ ಆಗಿಲ್ಲ" ಎಂದು ಕೂಗಿದೆ. ರಾಮಾಂಜಿ ನನ್ನ ಕೊರಳಪಟ್ಟಿಗೆ ಕೈ ಹಾಕಿದ. ನಾನು ಅವನದಕ್ಕೆ ಹಾಕಿದೆ. ಅಕ್ಕ ನಡುವೆ ನುಗ್ಗಿ ಬಿಡಿಸಿದಳು. ಬಿಡಿಸಿ, ನನ್ನ ಮೇಲೆಯೇ ತಿರುಗಿದಳು.

"ನೀನು ಆಟೋ ಹತ್ತಿ ಹೋಗ್ತಿ. ಅವರ ಕುರಿ ಕಟ್ಟಿಕೊಂಡು ಈ ಊರಾಗ ಇರಾಕಿ ನಾನು!"

ಆದರೂ ಅಕ್ಕನಿಗೆ ಮಗಳನ್ನು ಕಳಿಸುವ ಆಸೆಯೇ ಇತ್ತು. ಆ ಸಂಜೆ ಗಂಗಿಯ ಚೂಡಿದಾರದ ವೇಲನ್ನು ಹೊದ್ದುಕೊಂಡು, ಗಂಗಿಯ ಹಾಗೇ ಬಗ್ಗಿ, ಬೂದನ ಮುಂದೆ ರೊಟ್ಟಿ ಹಿಡಿದಳು. ನಾವೆಲ್ಲ ಗೋಡೆಯ ಹಿಂದೆ ನಿಂತು ಇಣುಕಿದೆವು. ಬೂದ ವೇಲನ್ನು ಮೂಸಿತು, ಬಾಲ ಅಲ್ಲಾಡಿಸಿತು, ಆಮೇಲೆ ಅಕ್ಕನ ಮುಖ ನೋಡಿ ಆಚೆ ತಿರುಗಿ ಮಲಗಿತು. ಅಕ್ಕ ರೊಟ್ಟಿಯನ್ನು ಅದರ ತಲೆಗೇ ಎಸೆದಳು. "ನಿನ್ನ ಕಾಲು ಕೂಡಿಸಿದ್ದಕ್ಕ ಇವಳ ಕಾಲು ಮುರಿತೀಯಲ್ಲೋ" ಎಂದು ಅತ್ತಳು.

ಬೂದನನ್ನೂ ಬೆಂಗಳೂರಿಗೆ ಕರೆದುಕೊಂಡು ಹೋಗೋಣ ಎಂದೆ ನಾನು. ಮುದುಕ ಒಪ್ಪಲಿಲ್ಲ. "ಆ ಊರಾಗ ಮನುಷ್ಯರೇ ಗಾಡಿ ಕೆಳಗ ಸಾಯ್ತಾರಂತ, ಕುಂಟ ನಾಯಿ ಉಳಿತೈತಾ?"

ಸರಿ, ಹೇಳದೆ ಹೋಗುವುದೆಂದು ನಾನೂ ಗಂಗಿಯೂ ತೀರ್ಮಾನಿಸಿದೆವು. ಮುದುಕ ಬರುವ ಮುಂಚೆ ಬೂದನಿಗೆ ಹೊಟ್ಟೆ ತುಂಬ ತಿನ್ನಿಸಿ, ಅದರ ಹಣೆಗೆ ಹಣೆ ಒತ್ತಿ, "ನಾ ಬರಾತನ ಸಾಯಬ್ಯಾಡೋ" ಎಂದು ಗಂಗಿ ಆಟೋ ಹತ್ತಿದಳು. ಟ್ಯಾಂಕಿನ ಬಳಿ ಇಳಿದು ಮೆಟ್ಟಿಲು ಹತ್ತಿ ಭವ್ಯಾಗೆ ಫೋನ್ ಮಾಡಿ ಹೊರಟೆನೆಂದು ತಿಳಿಸಿದಳು. ಚೀಲದಲ್ಲಿ ಎರಡು ಜತೆ ಬಟ್ಟೆ, ಬುತ್ತಿ. ಆಟೋ ಊರು ದಾಟಿ ಡಾಂಬರು ರಸ್ತೆಗೆ ಬಂತು.

"ಮಾವ, ಹಿಂದ ನೋಡು" ಎಂದಳು.

ಬೂದ ಹಗ್ಗ ಕಿತ್ತುಕೊಂಡು ಮೂರು ಕಾಲಿನಲ್ಲಿ ಓಡಿ ಬರುತ್ತಿತ್ತು. ಅದರ ಹಿಂದೆ ರಾಮಾಂಜಿಯ ಬೈಕು, ಬೈಕಿನ ಹಿಂದೆ ಕೂತು ಬೊಬ್ಬೆ ಹೊಡೆಯುತ್ತಿದ್ದ ಮುದುಕ. ನಾನು ಆಟೋದ ಕಿವಿ ಹಿಂಡಿದೆ. ಎದುರಿಗೆ ಕಲ್ಲಿನ ಲೋಡಿನ ಲಾರಿ ಬಂತು. ಬೂದ ಆಟೋವನ್ನು ಹಿಡಿಯುವ ಅವಸರದಲ್ಲಿ ರಸ್ತೆಯ ನಡುವೆ ಬಂದುಬಿಟ್ಟಿತು. ಲಾರಿಯವನು ಬ್ರೇಕ್ ಒತ್ತಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಅದಕ್ಕಿಂತ ಜೋರಾಗಿ ಕೇಳಿದ್ದು ಮುದುಕನ ಕೂಗು.

"ಸತ್ತೆನಪ್ಪೋ!"

ಚಕ್ರ ನಾಯಿಯಿಂದ ಒಂದು ಮೊಳ ದೂರದಲ್ಲಿ ನಿಂತಿತ್ತು. ಬೂದನಿಗೆ ಏನೂ ಆಗಿರಲಿಲ್ಲ. ಕುಂಟುತ್ತಾ ಬಂದು ಆಟೋ ಹತ್ತಿ ಗಂಗಿಯ ಕಾಲ ಬಳಿ ಮಲಗಿತು. ಅತ್ತ ಮುದುಕ ಬೈಕಿನಿಂದ ಜಾರಿ ರಸ್ತೆಯಲ್ಲಿ ಬಿದ್ದಿದ್ದ. ಕಣ್ಣು ಮೇಲಾಗಿತ್ತು, ಮೈಯೆಲ್ಲ ಬೆವರು, ಹಲ್ಲು ಕಚ್ಚಿಕೊಂಡಿತ್ತು. ಗಂಗಿ ಇಳಿದು ಓಡಿದಳು. ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಾಟಲಿಯ ನೀರು ಕುಡಿಸಿದಳು.

ಮುದುಕ ಕಣ್ಣು ಬಿಟ್ಟ. "ನೀರು ಕುಡದೆ. ಹುಚ್ಚಿಲ್ಲ ಅಲ್ಲೇನವ್ವ?"

"ಇಲ್ಲ ತಾತಾ."

"ಬೂದ?"

"ಅದಾನ."

ಮುದುಕ ಅವಳ ಎರಡು ಕೈಯನ್ನೂ ಹಿಡಿದುಕೊಂಡ. ಲಾರಿಯವನು, ರಾಮಾಂಜಿ, ನಾನು, ಎಲ್ಲರೂ ಕೇಳಿಸಿಕೊಂಡ ಮಾತು ಇದು. "ಹೋಗಬ್ಯಾಡವ್ವ. ಈ ಹತ್ತು ದಿನ ಕಳದುಬಿಡ್ಲಿ. ಕಳದ ಮರುದಿನ ನಾನೇ ನಿನ್ನ ಕೂಡ ಬೆಂಗಳೂರಿಗೆ ಬರ್ತೀನಿ. ಆಫೀಸರ ಕಾಲಿಗೆ ಬೀಳ್ತೀನಿ. ಈ ಹುಡುಗಿ ನನ್ನ ಜೀವ ಕಾಯ್ಕೊಂತ ಕುಂತಿತ್ತು, ಅದಕ್ಕ ಬರ್ಲಿಲ್ಲ, ಪರೀಕ್ಷಾ ಬರಸ್ರಿ ಅಂತೀನಿ. ಮುದುಕನ ಮಾತು ತೆಗದುಹಾಕ್ತಾರಾ? ನಿನ್ನ ಋಣ ಇಟ್ಕೊಂಡು ಸಾಯಾಂವ ಅಲ್ಲ ನಾನು."

"ಗಂಗಿ, ಹತ್ತು ಆಟೋ! ಬಸ್ಸು ತಪ್ತೈತಿ" ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. "ನಾವು ಹೋದ ಮ್ಯಾಲೆ ತಾತ ಹೆದರಿಕೊಂಡೇ ಸತ್ರ ಏನು ಮಾಡ್ಲಿ ಮಾವ? ನಾಯಿ ಕಚ್ಚಿ ಸತ್ತ ಅಂತಾರ. ನಮ್ಮ ನಾಯಿ. ಅವ್ವ ಆ ಊರಾಗ ಹೆಂಗಿರ್ತಾಳ?" ಎಂದಳು.

ಆಟೋದಿಂದ ಚೀಲ ಇಳಿಸಿಕೊಂಡಳು. ಬೂದನೂ ಇಳಿಯಿತು.

ಪರೀಕ್ಷೆಯ ದಿನ ನಾನು ಆಟೋ ತೆಗೆಯಲಿಲ್ಲ. ಅಕ್ಕನ ಮನೆಯಲ್ಲೇ ಕೂತಿದ್ದೆ. ಗಂಗಿ ಬೂದನಿಗೆ ರೊಟ್ಟಿ ಕಿವುಚಿದಳು, ಮುದುಕ ಎದುರಿಗೆ ಕೂತು ತುತ್ತು ಎಣಿಸಿದ. ಪುಸ್ತಕ ಮಂಚದ ಕೆಳಗೆ ಹೋಗಿತ್ತು. ಸಂಜೆ ಟ್ಯಾಂಕಿನ ಮೆಟ್ಟಿಲ ಮೇಲೆ ಭವ್ಯಾಳ ಫೋನ್ ಬಂತು. ಗಂಗಿ ಸ್ಪೀಕರಿಗೆ ಹಾಕಿದಳು, ನಾನು ಕೆಳಗೆ ನಾಯಿಗಳ ಜತೆ ನಿಂತು ಕೇಳಿದೆ.

"ಯಾಕೆ ಬರ್ಲಿಲ್ಲ ಕಣೇ ನೀನು? ಗೇಟ್ ಹಾಕೋವರ್ಗೂ ನಿಂಗೋಸ್ಕರ ಹೊರಗೇ ನಿಂತಿದ್ದೆ."

"ಬೂದಂಗ ಊಟ ಹಾಕಬೇಕಿತ್ತು."

"ಏನು?"

"ಏನಿಲ್ಲ ಬಿಡು. ಕಷ್ಟ ಇತ್ತೇನು?"

"ಕಷ್ಟ ಏನ್ ಬಂತು, ನಮ್ಮೂರಿನ ಬಗ್ಗೆ ನಾಕು ಮಾತು ಬರೀರಿ ಅಂದಿದ್ರು. ನೀನಾಗಿದ್ರೆ ಪುಸ್ತಕಾನೇ ಬರೀತಿದ್ದೆ ಕಣೇ."

ಹತ್ತು ದಿನ ಕಳೆಯಿತು. ಬೂದನಿಗೆ ಏನೂ ಆಗಲಿಲ್ಲ. ಆಗುವುದು ಏನಿತ್ತು? ಹಗ್ಗ ಬಿಚ್ಚಿದ ದಿನ ಊರವರು ಚಪ್ಪಾಳೆ ತಟ್ಟಿದರು. ರಾಮಾಂಜಿ ಫ್ಯಾನ್ ಎತ್ತಿಕೊಂಡು ಹೋದ. ಗಂಗಿ ಮರುದಿನಕ್ಕೆಂದು ಚೀಲ ತುಂಬಿಟ್ಟಳು.

ಮರುದಿನ ದೊಡ್ಡರಂಗಪ್ಪ ಹೊಸ ಪಂಚೆ ಉಟ್ಟು ಬಂದ. ಗಂಗಿ ಬಾಗಿಲಿಗೆ ಬಂದಳು. ಆದರೆ ಅವನ ಹಿಂದೆ ಟ್ರ್ಯಾಕ್ಟರ್ ನಿಂತಿತ್ತು, ಅದರಲ್ಲಿ ಮನೆಮಂದಿಯೆಲ್ಲ ಇದ್ದರು. "ನೇಮಕಲ್ಲಪ್ಪಂಗ ಹರಕೆ ಹೊತ್ತಿದ್ದೆನವ್ವ, ಮೊದಲು ದೇವರದು ತೀರಿಸಿ ಬರ್ತೀನಿ. ದೇವರ ಬಾಕಿ ಇಟ್ಕೊಬಾರದು" ಎಂದ. ಹೋದ. ತಲೆ ಬೋಳಿಸಿಕೊಂಡು ಬಂದ. ಆಮೇಲೆ ಕುರಿ ಉಣ್ಣೆ ಕತ್ತರಿಸುವ ಕೆಲಸ ಬಂತು. ಆಮೇಲೆ ಬಿಸಿಲು ಹೆಚ್ಚು ಎಂದ. ಆಮೇಲೆ, "ಅಷ್ಟು ದೊಡ್ಡ ಆಫೀಸರು ನನ್ನಂಥ ಕುರಿಯವನ ಮಾತು ಕೇಳ್ತಾನೇನವ್ವ" ಎಂದ. ಕೊನೆಗೆ ನಾನೇ ಗಂಗಿಯನ್ನು ಬೆಂಗಳೂರಿನ ಆಫೀಸಿಗೆ ಕರೆದುಕೊಂಡು ಹೋದೆ. ಅಲ್ಲಿ ಕಿಟಕಿಯಲ್ಲಿದ್ದ ಹೆಣ್ಣುಮಗಳು, ಪಾಪ, ಕತೆಯೆಲ್ಲ ಕೇಳಿದ ಮೇಲೆ, "ಮುಂದಿನ ವರ್ಷ ಬನ್ನಿ" ಎಂದಳು. ನಾಯಿಯ ಮಾತು ಬಂದಾಗ ನಗು ತಡೆದುಕೊಂಡಳು. ನಾನು ಕೂಗಾಡಿದೆ. ಗಂಗಿ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಭವ್ಯಾಗೆ ಸೀಟು ಸಿಕ್ಕಿತು. ಗಂಗಿಯ ಪ್ರವೇಶ ಪರೀಕ್ಷೆಯ ನಂಬರು ಭವ್ಯಾಳದಕ್ಕಿಂತ ಚೆನ್ನಾಗಿತ್ತು.

ಆ ವರ್ಷ ಅಕ್ಕನಿಗೆ ಮಂಡಿನೋವು ಬಂದು ಕುರಿ ಹಿಂದೆ ಹೋಗಲಾಗದೆ ಪಾಲು ಬಿಡಬೇಕಾಯಿತು. ಗಂಗಿ ತಾಯಿಯನ್ನೂ ನಾಯಿಗಳನ್ನೂ ಕರೆದುಕೊಂಡು ರಾಯದುರ್ಗದಲ್ಲಿ ನನ್ನ ಮನೆಯ ಪಕ್ಕದ ಒಂದು ಕೋಣೆಗೆ ಬಂದಳು. ಜೀನ್ಸ್ ಪ್ಯಾಂಟು ಹೊಲಿಯುವ ಕೆಲಸಕ್ಕೆ ಸೇರಿದಳು. ಹಗಲೆಲ್ಲ ಜೇಬು ಹೊಲಿಯುವುದು, ಉಳಿದ ಹೊತ್ತಿನಲ್ಲಿ ಪುಸ್ತಕ. ಮುಂದಿನ ವರ್ಷ ಮತ್ತೆ ಬರೆದಳು. ಬೆಂಗಳೂರಿಗೂ ಹೋದಳು, ಕನ್ನಡದಲ್ಲಿ ಪಾಸಾದಳು. ಪ್ರವೇಶ ಪರೀಕ್ಷೆಯ ನಂಬರು ಮಾತ್ರ ಎಲ್ಲೋ ಪಾತಾಳಕ್ಕೆ ಹೋಗಿತ್ತು. ಮೂರನೆಯ ಸಲ ಬರೆಯೆಂದು ನಾನು ಗದರಿಸಿದೆ.

"ಓದಿದ್ದು ನಿಲ್ಲವಲ್ಲದು ಮಾವ. ಮಿಷನ್ ಸದ್ದೇ ತಲಿತುಂಬ" ಎಂದಳು.

ಚಿನ್ನಿ ಬಸ್ ಸ್ಟ್ಯಾಂಡಿನ ಕಡೆ ಹೋದದ್ದು ತಿರುಗಿ ಬರಲಿಲ್ಲ. ಬೂದ ಈಗ ಹೊಲಿಗೆ ಮಿಷನ್ನಿನ ಕೆಳಗೆ ಮಲಗುತ್ತದೆ. ಜೀನ್ಸಿನ ನೀಲಿ ಧೂಳು ಬಿದ್ದು ಬಿದ್ದು ಅದರ ಬೆನ್ನು ನೀಲಿಯಾಗಿದೆ. ಅವಳು ಅದರ ಎಲುಬು ಮುಟ್ಟಿ ಹೆಸರು ಹೇಳುವುದನ್ನು ನಾನು ಮತ್ತೆ ಕೇಳಿಲ್ಲ.

ಹೋದ ಚಳಿಗಾಲ ದೊಡ್ಡರಂಗಪ್ಪ ಸತ್ತ. ಮಂದೆಯ ಹಿಂದೆ ಹೋದವನು ಮರಕ್ಕೆ ಒರಗಿ ಕೂತಿದ್ದಾನೆ, ಹಾಗೆಯೇ ಹೋಗಿದ್ದಾನೆ. ಆ ಹೊತ್ತಿನಲ್ಲಿ ಬೂದ ಇಲ್ಲಿ ರಾಯದುರ್ಗದಲ್ಲಿ ರೊಟ್ಟಿ ತಿನ್ನುತ್ತಿತ್ತು. ಸುದ್ದಿ ತಿಳಿಸಿದಾಗ ಗಂಗಿ ಮಿಷನ್ ನಿಲ್ಲಿಸಿ ದಾರ ಕತ್ತರಿಸಿದಳು, "ನೀನು ಹೋಗಿ ಬಾ ಮಾವ, ಪ್ಯಾಂಟು ಸಂಜಿಗೆ ಕೊಡಬೇಕು" ಎಂದು ಮತ್ತೆ ತುಳಿಯತೊಡಗಿದಳು.

ನಮ್ಮ ಕಡೆ ಒಂದು ಪದ್ಧತಿ ಇದೆ. ಹೆಣವನ್ನು ಗುಂಡಿಗೆ ಇಳಿಸಿ, ಮಣ್ಣು ಹಾಕುವ ಮುಂಚೆ ಮಗನಾದವನು ಕೂಡಿದ ಜನಕ್ಕೆ ಕೈ ಮುಗಿದು ಕೇಳುತ್ತಾನೆ. ರಾಮಾಂಜಿ ಒದ್ದೆ ಬಟ್ಟೆಯಲ್ಲಿ ನಿಂತು ಕೇಳಿದ. "ನಮ್ಮಪ್ಪ ಯಾರಿಗನ್ನ ಏನನ್ನ ಕೊಡಾದಿದ್ರ ಈಗಲೇ ಹೇಳ್ರಿ. ಅದು ನನ್ನ ಮ್ಯಾಲೈತಿ."

ಯಾರೋ ಒಂದು ಕಂಬಳಿ ಎಂದರು. ಯಾರೋ ಎರಡು ಚೀಲ ಶೇಂಗಾ ಹೊಟ್ಟು ಎಂದರು. ರಾಮಾಂಜಿ ಒಂದೊಂದಕ್ಕೂ ತಲೆ ಅಲ್ಲಾಡಿಸಿದ.

ನಾನು ಮುಂದೆ ಬಂದೆ. "ನಮ್ಮ ಗಂಗೀದು ಐತಿ."

ಜನ ನನ್ನ ಕಡೆ ತಿರುಗಿದರು. ರಾಮಾಂಜಿ ನನ್ನ ಕೂಡ ಹೊಡೆದಾಡಿದವನು, ಆದರೂ ಕೈ ಇಳಿಸಲಿಲ್ಲ. "ಹೇಳಣ್ಣ. ಏನು ಕೊಡ್ಲಿ?"

ಎಲ್ಲಕ್ಕೂ ಕೂಗಾಡುವ ನನ್ನ ಬಾಯಿ. ಗುಂಡಿಯಲ್ಲಿ ಮುದುಕ ಹೊಸ ಪಂಚೆಯಲ್ಲಿ ಮಲಗಿದ್ದ. ನಾನು ಅವನನ್ನು ನೋಡಿದೆ, ರಾಮಾಂಜಿಯನ್ನು ನೋಡಿದೆ. ಏನು ಎಂದು ಕೇಳಲಿ?

"ಹೇಳಪ್ಪ ಬೊಮ್ಮಣ್ಣ, ಹೊತ್ತಾಗ್ತೈತಿ" ಎಂದು ಹಿಂದಿನಿಂದ ಯಾರೋ ಅಂದರು.

ರಾಮಾಂಜಿ ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಬಗ್ಗಿ, ಮೊದಲ ಹಿಡಿ ಮಣ್ಣು ಹಾಕಿದ.